ಅಪ್‌ಗ್ರೇಡ್ ಆದಮೇಲೆ ಉಬುಂಟು ಬೂಟ್ ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡದೆ ದಾರಿ ಇದೆಯಾ?

ಡೊಂಬಿವಲಿಯಿಂದ, ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮಗಳ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಉಬುಂಟು ಅನ್ನೋ ಲಿನಕ್ಸ್ ಇದೆ. ನಿನ್ನೆ ರಾತ್ರಿ ಅಪ್‌ಗ್ರೇಡ್‌ಗೆ ಹಾಕಿ ಮಲಗಿದಳು. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ. 'ಕರ್ನಲ್ ಪ್ಯಾನಿಕ್', 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ಇದೆ. ಡಿಸ್ಕ್ ಲಾಕ್ ಮಾಡಿಟ್ಟಿದ್ದಾಳೆ, ಅದರ ಪಾಸ್‌ವರ್ಡನ್ನೂ ಈಗ ಕೇಳುತ್ತಿಲ್ಲ. ಸ್ಟೇಷನ್ ಹತ್ತಿರದ ಅಂಗಡಿಯವರು ಫಾರ್ಮ್ಯಾಟೇ ಮಾಡಬೇಕು ಅಂದರು. ಸೋಮವಾರ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು, ಎಲ್ಲಾ ಅದರಲ್ಲೇ ಇದೆ. ಯಾರಿಗಾದರೂ ಹೀಗೆ ಆಗಿದ್ದರೆ ಏನು ಮಾಡಿದಿರಿ, ಹೇಳಿ.

ಪುಣೆ, ಕೋಥ್ರೂಡ್‌ನಿಂದ:
ಅಕ್ಕಾ, ಫಾರ್ಮ್ಯಾಟ್‌ಗೆ ಮಾತ್ರ ಕೊಡಬೇಡಿ. ರಿಪೋರ್ಟ್ ಎಲ್ಲೂ ಹೋಗಿಲ್ಲ. ನನಗೂ ಹೋದ ವರ್ಷ ಇದೇ ಸಾಲು ಬಂದಿತ್ತು, ಕೈಕಾಲೇ ಆಡಲಿಲ್ಲ. ಆಮೇಲೆ ನೋಡಿದರೆ ಕಾರಣ ಚಿಕ್ಕದು.

ಲಾಕ್ ಮಾಡಿದ ಡಿಸ್ಕ್ ಇದ್ದರೆ ಉಬುಂಟು '/ಬೂಟ್' ಅಂತ ಒಂದು ಸಣ್ಣ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಬೇರೆ ಇಟ್ಟಿರುತ್ತದೆ. ಪ್ರತಿ ಹೊಸ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಬಂದಾಗ ಅದರ ಜೊತೆ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಫೈಲು ಅಲ್ಲೇ ಕೂರುತ್ತದೆ. ಡಿಸ್ಕಿನ ಪಾಸ್‌ವರ್ಡ್ ಕೇಳಿ ಬಾಗಿಲು ತೆಗೆಯುವುದೇ ಆ ಫೈಲು. ಹಳೆಯವು ತುಂಬಿ ಜಾಗ ಸಾಲದೆ ಹೋದರೆ ಕರ್ನಲ್ ಬಂದಿರುತ್ತದೆ, ಆ ಫೈಲು ತಯಾರಾಗಿರುವುದಿಲ್ಲ. ಪಾಸ್‌ವರ್ಡ್ ಕೇಳುವವರೇ ಇಲ್ಲ ಅಂದಮೇಲೆ ಪ್ಯಾನಿಕ್ ಆಗಲೇಬೇಕಲ್ವಾ?

ಆನ್ ಮಾಡಿದ ತಕ್ಷಣ ಎಸ್ಕೇಪ್ ಒಂದು ಸಲ ಒತ್ತಿ. ಹಳೇ ಮಾಡೆಲ್ ಆದರೆ ಶಿಫ್ಟ್ ಹಿಡಿದಿಡಿ. ಯಾವ ಕರ್ನಲ್‌ನಿಂದ ಶುರು ಮಾಡಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ, ಎರಡನೇ ಕರ್ನಲ್ ಆರಿಸಿ. ಅಂದರೆ ಹಿಂದಿನ ನಂಬರಿನದು, ರಿಕವರಿ ಅಂತ ಬರೆದಿರುವುದಲ್ಲ. ಎಸ್ಕೇಪ್ ಜಾಸ್ತಿ ಒತ್ತಿದರೆ 'ಗ್ರಬ್>' ಅಂತ ಖಾಲಿ ಸಾಲು ಬರುತ್ತದೆ. ಹೆದರಬೇಡಿ, ಆಫ್ ಮಾಡಿ ಮತ್ತೆ ಶುರು ಮಾಡಿ.

ಡೊಂಬಿವಲಿಯಿಂದ:
ಪಾಸ್‌ವರ್ಡ್ ಕೇಳಿತು! ಡೆಸ್ಕ್‌ಟಾಪ್ ಬಂತು. ಮಗಳು ಮೊದಲು ರಿಪೋರ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡಳು. ಇನ್ನು ರಿಪೇರಿ ಹೇಗೆ?

ಪುಣೆ, ಕೋಥ್ರೂಡ್‌ನಿಂದ:
ಒಳ್ಳೇ ಕೆಲಸ ಮಾಡಿದಳು. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಡಿಎಫ್ -ಎಚ್ /ಬೂಟ್' ಕೊಡಿ, 100% ತೋರಿಸಿದರೆ ಜಾಗ ತುಂಬಿರುವುದು ಖಚಿತ. 'ಯುನೇಮ್ -ಆರ್' ಕೊಟ್ಟರೆ ಈಗ ಓಡುತ್ತಿರುವ ಕರ್ನಲ್ ನಂಬರ್ ಬರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಅದನ್ನು ಮುಟ್ಟಬಾರದು. ಆಮೇಲೆ 'ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್' ಕೊಡಿ, ಬೇಡದ ಹಳೇ ಕರ್ನಲ್‌ಗಳನ್ನು ಅದು ಅಳಿಸುತ್ತದೆ. ನನಗೆ ಇದು ಅರ್ಧಕ್ಕೇ ನಿಂತಿತ್ತು. ಅಳಿಸುವುದಕ್ಕೆ ಮೊದಲೇ ಅರೆಬರೆ ಪ್ಯಾಕೇಜ್ ಮುಗಿಸಲು ಹೋಗಿ ಮತ್ತೆ ಜಾಗ ಇಲ್ಲ ಅನ್ನುತ್ತಿತ್ತು. ಆಗ /ಬೂಟ್‌ನಲ್ಲಿ ಎಲ್ಲಕ್ಕಿಂತ ಹಳೇ ನಂಬರಿನ 'ಇನಿಟ್‌ಆರ್‌ಡಿ.ಐಎಂಜಿ' ಫೈಲು (ಮೇಲೆ ಹೇಳಿದ ಇನಿಟ್‌ರಾಮ್‌ಎಫ್‌ಎಸ್ ಇದೇ) ಒಂದನ್ನೇ ಪೆನ್‌ಡ್ರೈವ್‌ಗೆ ಸಾಗಿಸಿದೆ. ಜಾಗ ಆಯಿತು. 'ಡಿಪಿಕೆಜಿ --ಕಾನ್ಫಿಗರ್ -ಎ', ಮತ್ತೆ ಆಟೊರಿಮೂವ್, ಕೊನೆಗೆ 'ಅಪ್ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್' ಮತ್ತು 'ಅಪ್ಡೇಟ್-ಗ್ರಬ್'. ಎಲ್ಲದರ ಮುಂದೆ ಸುಡೊ ಬೇಕು, ಅಡ್ಮಿನ್ ಅಧಿಕಾರ ಕೊಡುವುದು ಅದೇ.

ಥಾಣೆಯಿಂದ:
ಹಳೇ ಕರ್ನಲ್ಲೂ ಏಳದಿದ್ದವರಿಗೆ ನನ್ನ ಅನುಭವ. ಪೆನ್‌ಡ್ರೈವ್‌ನಿಂದಲೇ ಓಡುವ ಉಬುಂಟು ಲೈವ್ ಹಾಕಿ, ಒಳಗಿನ ಡಿಸ್ಕ್ ಮೌಂಟ್ ಮಾಡಿ (ಅಂದರೆ ಬಳಸಲು ಜೋಡಿಸಿ), /ಬೂಟ್ ಅನ್ನೂ ಅದರೊಳಗೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಬೈಂಡ್ ಮಾಡಿ ಸಿಎಚ್‌ರೂಟ್ ಆದೆ, ಅಂದರೆ ಡಿಸ್ಕಿನಲ್ಲಿರುವ ಉಬುಂಟು ಒಳಗೇ ಹೋಗಿ ರಿಪೇರಿ ಮಾಡಿದೆ. ಲಾಕ್ ಇದ್ದವರು ಒಂದು ಗಮನಿಸಿ. ಡಿಸ್ಕ್ ತೆರೆಯುವಾಗ ಕೊಡುವ ಹೆಸರು '/ಇಟಿಸಿ/ಕ್ರಿಪ್ಟ್‌ಟ್ಯಾಬ್' ಫೈಲಿನ ಮೊದಲ ಪದದ ಹಾಗೇ ಇರಬೇಕು. ನಾನು ಸುಮ್ನೆ ಬೇರೆ ಹೆಸರು ಕೊಟ್ಟಿದ್ದೆ. ಇನಿಟ್‌ರಾಮ್‌ಎಫ್‌ಎಸ್ ಫೈಲು ತಯಾರಾಯಿತು, ಆದರೆ ಬೂಟ್ ಮಾಡಿದಾಗ ಪಾಸ್‌ವರ್ಡೇ ಕೇಳಲಿಲ್ಲ. ಆ ಒಂದು ಪದಕ್ಕೆ ಇಡೀ ಭಾನುವಾರ ಹೋಯಿತು.

ಮಡಗಾಂವ್‌ನಿಂದ:
ನನ್ನದು ಆರ್ಚ್, ಇನ್ನೊಂದು ಬಗೆಯ ಲಿನಕ್ಸ್. ಮಳೆಗಾಲದಲ್ಲಿ ಅಪ್‌ಗ್ರೇಡ್ ನಡುವೆ ಕರೆಂಟ್ ಹೋಯಿತು, ಡೆಸ್ಕ್‌ಟಾಪ್ ಕಂಪ್ಯೂಟರ್ ನೋಡಿ, ಬ್ಯಾಟರಿ ಇಲ್ಲ. ಲೈವ್ ಪೆನ್‌ಡ್ರೈವ್, ಆರ್ಚ್-ಸಿಎಚ್‌ರೂಟ್, ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್ ಬಿಟ್ಟುಹೋದ ಬೀಗದ 'ಡಿಬಿ.ಎಲ್‌ಸಿಕೆ' ಫೈಲು ತೆಗೆದು, ಇಡೀ ಅಪ್‌ಗ್ರೇಡ್ ಮತ್ತೆ ಓಡಿಸಿ, ಲಿನಕ್ಸ್ ಪ್ಯಾಕೇಜನ್ನು ಇನ್ನೊಮ್ಮೆ ಹಾಕಿದೆ. ಎದ್ದಿತು. ಈಗ ಆಕಾಶ ನೋಡಿಯೇ ಅಪ್‌ಗ್ರೇಡ್‌ಗೆ ಕೈ ಹಾಕುತ್ತೇನೆ, ಹೆಚ್ಚು ಕಾಲ ಬೆಂಬಲ ಇರುವ ಎಲ್‌ಟಿಎಸ್ ಕರ್ನಲ್ ಒಂದನ್ನು ಜೊತೆಗೇ ಇಟ್ಟುಕೊಂಡಿದ್ದೇನೆ.

ಡೊಂಬಿವಲಿಯಿಂದ:
ನಮ್ಮದರಲ್ಲೂ /ಬೂಟ್ 100% ಇತ್ತು. ಹಳೇ ಫೈಲು ಒಂದನ್ನು ಸಾಗಿಸಿದ ಮೇಲೆ ಎಲ್ಲಾ ನೀವು ಹೇಳಿದ ಹಾಗೇ ಆಯಿತು. ಈಗ 54% ತೋರಿಸುತ್ತಿದೆ. ಹೊಸ ಕರ್ನಲ್‌ನಲ್ಲೇ ಎದ್ದಿದೆ. ಮಗಳು ಕೊನೇ ಅಧ್ಯಾಯ ಬರೆಯಲು ಕೂತಿದ್ದಾಳೆ. ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್.