ಪದ ಬೇಕು (ಅರ್ಜೆಂಟು): ಮೆಕ್ಸಿಕೋ ಫುಟ್‌ಬಾಲಿನ ‘ಲಿಗೀಯಾ’ಕ್ಕೆ ಕನ್ನಡದಲ್ಲಿ ಏನು?

ಸು. | ಬುಧವಾರ ಸಂಜೆ 4.10

ಎಲ್ಲರಿಗೂ ನಮಸ್ಕಾರ. ರಾತ್ರಿ ಹತ್ತಕ್ಕೆ ಕಡತ ಕಳಿಸಬೇಕು, ಅದಕ್ಕೇ ಪೀಠಿಕೆ ಇಲ್ಲ.

ಒಂದು ಸಣ್ಣ ಸಾಕ್ಷ್ಯಚಿತ್ರಕ್ಕೆ ಸಬ್‌ಟೈಟಲ್ ಬರೀತಿದ್ದೇನೆ. ಮೆಕ್ಸಿಕೋ ಸಿಟಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ತಿಂಡಿ ಮಾರುವ ಒಬ್ಬ ಅಜ್ಜ, ಅವನ ರೇಡಿಯೊ, ಅವನ ತಂಡ ಕ್ರೂಸ್ ಅಸೂಲ್. ಇಪ್ಪತ್ತು ನಿಮಿಷದಲ್ಲಿ ‘ಲಿಗೀಯಾ’ ಅನ್ನೋ ಪದ ಹದಿನಾಲ್ಕು ಸಲ ಬರುತ್ತೆ. ಅಲ್ಲಿ ವರ್ಷಕ್ಕೆ ಎರಡು ಟೂರ್ನಿ. ಜುಲೈಯಿಂದ ಡಿಸೆಂಬರ್‌ವರೆಗೆ ನಡೆಯೋದು ಅಪೆರ್ತೂರಾ, ಜನವರಿಯಿಂದ ಮೇವರೆಗೆ ಕ್ಲೌಸೂರಾ. 18 ತಂಡ, ಪ್ರತಿಯೊಬ್ಬರಿಗೂ 17 ಪಂದ್ಯ. ಆಮೇಲೆ ಎಂಟು ತಂಡ ಉಳಿದು ನಾಕೌಟ್ ಶುರು. ಆ ನಾಕೌಟ್ ಭಾಗ ಪೂರ್ತಿಗೆ ಲಿಗೀಯಾ ಅಂತಾರೆ.

‘ಪ್ಲೇಆಫ್’ ಅಂತ ಹಾಕಿದ್ದೆ. ತಿದ್ದುವವರು ವಾಪಸ್ ಕಳಿಸಿದ್ರು, ಅಜ್ಜ ಐಪಿಎಲ್ ಕಾಮೆಂಟರಿ ಹೇಳ್ತಿದ್ದ ಹಾಗೆ ಕೇಳುತ್ತಂತೆ. ಅದು ನಿಜವೇ. ಮುಖ್ಯವಾಗಿ ಕಾಡ್ತಿರೋ ಸಾಲು: ‘ಲಾ ಲಿಗೀಯಾ ಎಸ್ ಓತ್ರೊ ತೊರ್ನೇಯೊ’. ಲಿಗೀಯಾ ಅಂದ್ರೆ ಬೇರೆಯದೇ ಟೂರ್ನಿ ಅಂತ. ಅಲ್ಲಿನ ಅಭಿಮಾನಿಗಳ ಬಾಯಲ್ಲಿ ಗಾದೆಯ ಹಾಗೆ ಓಡಾಡೋ ಮಾತು. ಪರದೆ ಮೇಲೆ ಎರಡೇ ಸೆಕೆಂಡು, 22 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ.

ಪ.ನಾ. | 4.32

ಸು. ಅವರೇ, ನಿಷ್ಪತ್ತಿ ನೋಡದೆ ಪದ ಹುಡುಕುವುದು ಕತ್ತಲೆಯಲ್ಲಿ ಚಪ್ಪಲಿ ಹುಡುಕಿದಂತೆ. ಲಿಗಾ ಎಂದರೆ ಲೀಗು. ಅದರ ಬೆನ್ನಿಗೆ ಅಲ್ಪಾರ್ಥದ ‘ಇಯಾ’ ಪ್ರತ್ಯಯ. ಮೂಲಧಾತು ಲ್ಯಾಟಿನ್ನಿನ ಲಿಗಾರೆ, ಕಟ್ಟು ಎಂದರ್ಥ. ಕಟ್ಟಿದ್ದು, ಕೂಡಿದ್ದು. ಆಡು–ಆಟ, ಓಡು–ಓಟ, ಕೂಡು–ಕೂಟ. ಅಲ್ಪಾರ್ಥಕ್ಕೆ ನಮ್ಮಲ್ಲಿ ‘ಕಿರು’ ಇದೆ. ಕಿರು + ಕೂಟ, ಆದೇಶಸಂಧಿಯಾಗಿ ‘ಕಿರುಗೂಟ’. ಮಳೆಗಾಲದಂತೆ. ನಾಲ್ಕೇ ಅಕ್ಷರ. ಮುಗಿಯಿತು.

ಮ. | 4.41

ಗೂಟವಾ ಮಾರಾಯ್ರೆ? ಆ ಅಜ್ಜ ಹದಿನಾಲ್ಕು ಸಲ ಗೂಟ ಗೂಟ ಅಂತ ಹೇಳಿದ್ರೆ ನೋಡುವವರು ದನ ಕಟ್ಟುವ ಕತೆ ಅಂತ ತಿಳ್ಕೊಳ್ತಾರೆ.

ವೆ. | 4.47

‘ಕಿರುತೆರೆ’ಯನ್ನು ಮೇಷ್ಟ್ರು ‘ಕಿರುದೆರೆ’ ಅಂತ ಬರೆಯೋ ದಿನ ನಾನು ‘ಕಿರುಗೂಟ’ ಅಚ್ಚು ಮಾಡ್ತೀನಿ. ‘ಕಿರುಕುಳ’ವೂ ‘ಕಿರುಗುಳ’ ಆಗಿಲ್ಲ, ಇನ್ನೂ ಕೊಡ್ತಾನೇ ಇದೆ. ಸಂಧಿ ಬಳಕೆಯಲ್ಲಿ ಆಗುತ್ತೆ, ಮೇಷ್ಟ್ರ ಟಿಪ್ಪಣಿಯಲ್ಲಿ ಆಗಲ್ಲ.

ಪ.ನಾ. | 4.55

ವೆ. ಅವರೇ, ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಂದ ವ್ಯಾಕರಣ ಕಲಿಯುವಷ್ಟು ಬಿಡುವು ನನಗಿಲ್ಲ. ಸಂಧಿ ವಿಕಲ್ಪ ಎನ್ನಿ, ಒಪ್ಪುತ್ತೇನೆ. ‘ಕಿರುಕೂಟ’ ಎಂದಿಟ್ಟುಕೊಳ್ಳಿ.

ಮ. | 5.08

ಸಂಧಿ ಬದಿಗಿಡಿ ಸರ್. ಹುಡುಕ್ತಿರುವ ಜಾಗವೇ ತಪ್ಪು. ‘ಕಿರುಲೀಗು’ ಅನ್ನುವುದು ಪದದ ಅರ್ಥ, ವಸ್ತುವಿನ ಅರ್ಥ ಅಲ್ಲ. ಲೀಗ್ ಅಂದ್ರೆ ಎಲ್ಲರೂ ಎಲ್ಲರ ಜೊತೆ ಆಡುವುದು. ಲಿಗೀಯಾದಲ್ಲಿ ಹಾಗೆ ಯಾರೂ ಆಡುವುದಿಲ್ಲ. ಎಂಟು ನಾಲ್ಕಾಗ್ತದೆ, ನಾಲ್ಕು ಎರಡಾಗ್ತದೆ. ಸ್ಪೇನಿನಲ್ಲಿ ಇದೇ ಪದವನ್ನು ಸಣ್ಣ ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡುವ ಸುತ್ತಿಗೆ ಬಳಸ್ತಾರೆ, ಅಂದ್ರೆ ನಿಜವಾದ ಕಿರುಲೀಗಿಗೆ. ಮೆಕ್ಸಿಕೋದಲ್ಲೂ ಹೆಸರು ಸುಮ್ಮನೆ ಬಂದದ್ದಲ್ಲ. 1970–71ರಲ್ಲಿ ಲೀಗಿನ ಕೊನೆಗೆ ಫೈನಲ್ ಇಡುವುದು ಶುರುವಾಯ್ತು, ಅಮೇರಿಕಾ ಅನ್ನುವ ಅಲ್ಲಿನದೇ ಕ್ಲಬ್ ತೊಲುಕಾ ತಂಡವನ್ನು ಸೋಲಿಸಿತು. ಆಮೇಲೆ ಆ ದಶಕದಲ್ಲಿ ಏನೇನೋ ಪ್ರಯೋಗ. 1974–75ರಲ್ಲಿ ಕೊನೆಯ ನಾಲ್ಕು ತಂಡಗಳು ತಮ್ಮತಮ್ಮಲ್ಲೇ ಸಣ್ಣ ಲೀಗ್ ಆಡಿದವು, ತೊಲುಕಾ ಗೆದ್ದಿತು. ಪದ್ಧತಿ ಹೋಯ್ತು, ಹೆಸರು ಉಳೀತು. ಈಗ ಅದನ್ನು ಹಿಡ್ಕೊಂಡು ‘ಕಿರುಕೂಟ’ ಅಂದ್ರೆ, ಅವರೇ ಮರೆತದ್ದನ್ನು ನಾವು ನೆನಪಿಸಿದ ಹಾಗೆ.

ಇನ್ನೊಂದು. ಯಾರಾದರೂ ‘ಸೋತರೆ ಮನೆಗೆ’ ಅಂತ ಬರೀಲಿಕ್ಕೆ ಹೊರಡುವ ಮೊದಲೇ ಹೇಳಿಬಿಡ್ತೇನೆ, ಅದೂ ಪೂರ್ತಿ ಸರಿಯಲ್ಲ. ಪ್ರತಿ ಸುತ್ತಿನಲ್ಲಿ ಎರಡು ಪಂದ್ಯ, ನಿಮ್ಮಲ್ಲೊಂದು ನಮ್ಮಲ್ಲೊಂದು. ಎರಡರ ಗೋಲು ಕೂಡಿಸಿ ಸಮ ಬಂದ್ರೆ, ಪಟ್ಟಿಯಲ್ಲಿ ಮೇಲಿದ್ದವ ಮುಂದೆ ಹೋಗ್ತಾನೆ. ಫೈನಲಿಗೆ ಮಾತ್ರ ಹೆಚ್ಚುವರಿ ಸಮಯ, ಪೆನಾಲ್ಟಿ. ಹಾಗಾಗಿ ಒಂದೂ ಸೋಲದೆ ಮನೆಗೆ ಹೋಗುವವರೂ ಇದ್ದಾರೆ.

ಅಚ್ಚಗನ್ನಡಿಗ | 5.20

ಎರವಲಿನ ಗೋಜು ಏಕೆ? ನಾಕವ್ಟ್ ಎಂದರೆ ಎದುರಾಳಿಯನ್ನು ಹೊರಗೆ ತಳ್ಳುವುದು. ತಳ್ಳು + ಆಟ = ‘ತಳ್ಳಾಟ’. ಮೂರು ಬರಿಗೆ. ಕನ್ನಡದ್ದೇ ಬೇರು, ಕನ್ನಡದ್ದೇ ಹುರುಳು. ಸಕ್ಕದದ ಸೋಂಕಿಲ್ಲ.

ವೆ. | 5.22

ತಳ್ಳಾಟ ಈಗಾಗಲೇ ಬಳಕೆಯಲ್ಲಿದೆ. ರೇಷನ್ ಅಂಗಡಿ ಮುಂದೆ ನಡೆಯುತ್ತೆ. ಬೇರೆ?

ಸು. | 5.31

ಚಿತ್ರದಲ್ಲಿ ಅಜ್ಜ ಗಾಡಿ ತಳ್ಳುತ್ತಲೇ ಈ ಮಾತು ಹೇಳ್ತಾನೆ. ತಳ್ಳಾಟ ಹಾಕಿದ್ರೆ ಅವನ ಕಸುಬಿಗೇ ಅಂಟಿಕೊಳ್ಳುತ್ತೆ. ಬೇಡ.

ಮ. ಅವರ ಪತ್ರ ಓದಿದ ಮೇಲೆ ಭಯ ಹೆಚ್ಚಾಯ್ತು. ಒಂದು ದೃಶ್ಯ ಹೇಳ್ತೀನಿ, ಯಾವ ಥರದ ಪದ ಬೇಕು ಅಂತ ಗೊತ್ತಾಗಲಿ. ಅಜ್ಜ 2013ರ ಮೇ ತಿಂಗಳ ಫೈನಲ್ ನೆನಪು ಮಾಡ್ಕೋತಾನೆ. ಅಸ್ತೇಕಾ ಕ್ರೀಡಾಂಗಣ, ಮಳೆ. ಮೊದಲ ಪಂದ್ಯ ಕ್ರೂಸ್ ಅಸೂಲ್ 1–0 ಗೆದ್ದಿದೆ. ಎರಡನೆಯದರಲ್ಲೂ ಬೇಗನೇ ಒಂದು ಗೋಲು. ಎದುರಾಳಿ ಅಮೇರಿಕಾಗೆ ರೆಡ್ ಕಾರ್ಡ್ ಬಿದ್ದು ಹತ್ತೇ ಜನ. ಮುಗಿಯೋಕೆ ಒಂದೆರಡು ನಿಮಿಷ ಇರೋವಾಗ ಅಮೇರಿಕಾ ಒಂದು ಗೋಲು ಹೊಡೀತು. ಆಮೇಲೆ ನಷ್ಟದ ಸಮಯದಲ್ಲಿ ಕಾರ್ನರ್ ಕಿಕ್ ಬಂದಾಗ ಗೋಲ್‌ಕೀಪರ್ ಮೊಯ್ಸೇಸ್ ಮುನ್ಯೋಸ್ ತನ್ನ ಗೋಲು ಬಿಟ್ಟು ಓಡಿ ಬಂದು ತಲೆ ಕೊಟ್ಟ, ಎದುರಾಳಿಯ ಕಾಲಿಗೆ ತಾಗಿ ಒಳಗೆ ಹೋಯ್ತು. ಪೆನಾಲ್ಟಿಯಲ್ಲಿ ಕ್ರೂಸ್ ಅಸೂಲ್ ಸೋಲ್ತು. ಇದನ್ನ ಹೇಳುವಾಗ ಅಜ್ಜ ಚಾಕು ಕೆಳಗಿಟ್ಟು, ಕೈ ಒರೆಸ್ಕೊಂಡು, ‘ಲಿಗೀಯಾ’ ಅಂತ ಒಂದೇ ಪದ ಹೇಳಿ ಸುಮ್ಮನಾಗ್ತಾನೆ. ಅಲ್ಲಿ ನಾನು ‘ನಾಕೌಟ್ ಹಂತ’ ಅಂತ ಹೇಗೆ ಬರೀಲಿ?

ಗ. (ಶಿರಸಿ) | 5.44

ಅಲ್ಲಿನ ಕಾಮೆಂಟರಿಯವರು ಅದನ್ನ ‘ಫಿಯೆಸ್ತಾ ಗ್ರಾಂದೆ’ ಅಂತಲೂ ಕರೀತಾರಲ್ಲ. ‘ದೊಡ್ಡ ಹಬ್ಬ’ ಅಂದ್ರೆ ಮುಗೀತು. ಹಬ್ಬ, ಗದ್ದಲ, ಕಣ್ಣೀರು ಎಲ್ಲಾ ಅದರಲ್ಲೇ ಬಂತು.

ಒಂದೇ ತೊಡಕು, ನಮ್ಮ ಕಡೆ ದೊಡ್ಡಬ್ಬ ಅಂದ್ರೆ ದೀಪಾವಳಿ. ಗೋಪೂಜೆ.

ಮ. | 5.46

ಹಾಗಾದ್ರೆ ಗೂಟವೂ ಬೇಕಾಗ್ತದೆ.

ವೆ. | 5.58

ನಾನೊಂದು ನಿಷ್ಪತ್ತಿ ಕೊಡ್ತೀನಿ, ಮೇಷ್ಟ್ರು ಕ್ಷಮಿಸಲಿ. ನಮ್ಮ ಡೆಸ್ಕಿಗೆ ಏಜೆನ್ಸಿ ಸುದ್ದಿ ಬಂದಾಗ ಹೊಸ ಹುಡುಗನೊಬ್ಬ ಇಂಗ್ಲಿಷ್ ಕಾಗುಣಿತ ನೋಡಿ ‘ಲಿಗ್‌ಇಲ್ಲಾ’ ಅಂತ ಬರೆದಿದ್ದ. ಟೋರ್ತೀಯಾವನ್ನ ಹೋಟೆಲಿನವರು ಟಾರ್ಟಿಲ್ಲಾ ಮಾಡಿದ ಹಾಗೆ. ಬೈದು ತಿದ್ದಿಸಿದೆ. ಮನೆಗೆ ಹೋಗ್ತಾ ಬಸ್ಸಲ್ಲಿ ಹೊಳೀತು, ಹುಡುಗನೇ ಸರಿ. ಲೀಗ್ + ಇಲ್ಲ. ಲೀಗ್ ಮುಗೀತು, ಇನ್ನು ಪಾಯಿಂಟ್ ಲೆಕ್ಕ ಇಲ್ಲ. ಮೆಕ್ಸಿಕೋದವರಿಗಿಂತ ನಮಗೇ ಆ ಪದ ಚೆನ್ನಾಗಿ ಅರ್ಥವಾಗುತ್ತೆ.

ಪ.ನಾ. | 6.03

ಇದನ್ನೇ ಜಾನಪದ ನಿಷ್ಪತ್ತಿ ಎನ್ನುವುದು. ನಗಲಿಕ್ಕೆ ಚೆಂದ.

ಅಚ್ಚಗನ್ನಡಿಗ | 6.15

ಇಲ್ಲಿ ಎಲ್ಲರೂ ನಗುತ್ತಿದ್ದೀರಿ, ಪದ ಕಟ್ಟುವವರು ಯಾರೂ ಇಲ್ಲ. ಸ್ಪಾನಿಶ್ ನುಡಿಯವರು ತಮ್ಮದೇ ಪದ ಕಟ್ಟಿಕೊಂಡರು, ಅದಕ್ಕೇ ಅವರ ನುಡಿ ಇಪ್ಪತ್ತು ನಾಡುಗಳಲ್ಲಿ ಬಾಳುತ್ತಿದೆ. ನಾವು ಪ್ಲೇಆಪ್, ನಾಕವ್ಟ್, ಸೆಮಿಪಯ್ನಲ್ ಎಂದು ಕಂಡವರ ಮನೆಯ ತಟ್ಟೆಯಲ್ಲಿ ಉಣ್ಣುತ್ತಿದ್ದೇವೆ.

ಮ. | 6.34

ಸ್ಪ್ಯಾನಿಷ್ ಉದಾಹರಣೆ ಕೊಡುವ ಮೊದಲು ಒಂದು ಮ್ಯಾಚ್ ಕೇಳಿ ಸ್ವಾಮಿ. ಆ ಆಟಕ್ಕೇ ಅವರು ‘ಫುತ್‌ಬೋಲ್’ ಅಂತಾರೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ನಿಮ್ಮಂಥವರೇ ಒಬ್ಬರು ಸ್ಪೇನಿನಲ್ಲಿ ‘ಬಲೊಂಪಿಯೆ’ ಅಂತ ಕಟ್ಟಿದ್ರು. ಬಲೋನ್ ಚೆಂಡು, ಪಿಯೆ ಕಾಲು. ನಮ್ಮ ‘ಕಾಲ್ಚೆಂಡಿ’ನ ಖಾಸಾ ಅಣ್ಣ. ಅದು ಈಗ ಉಳಿದದ್ದು ಹೆಚ್ಚಾಗಿ ರಿಯಲ್ ಬೆತಿಸ್ ಬಲೊಂಪಿಯೆ ಎಂಬ ಹಾಗೆ ಕ್ಲಬ್ಬಿನ ಹೆಸರಲ್ಲಿ. ಮೈದಾನದಲ್ಲಿ ಫುತ್‌ಬೋಲೇ.

ಮೆಕ್ಸಿಕೋ ಕತೆ ಇನ್ನೂ ಚೆಂದ. ಲಿಗೀಯಾಕ್ಕೆ ಮೊದಲು ನಡುಸ್ಥಾನದ ತಂಡಗಳಿಗೆ ಇನ್ನೊಂದು ಅವಕಾಶ ಕೊಡುವ ಪಂದ್ಯಗಳಿದ್ದವು, ಅದಕ್ಕೆ ‘ರೆಪೆಚಾಹೆ’ ಅಂತ ಒಳ್ಳೆಯ ಪದವೂ ಇತ್ತು. 2023ರ ಅಪೆರ್ತೂರಾದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ನೋಡಿ ಹೊಸ ಪದ್ಧತಿ ತಂದ್ರು. ಏಳರಿಂದ ಹತ್ತನೇ ಸ್ಥಾನದವರು ಆಡುವುದು, ಏಳು–ಎಂಟರಲ್ಲಿ ಸೋತವನಿಗೆ ಇನ್ನೊಂದು ಚಾನ್ಸ್. ಹೆಸರು ‘ಪ್ಲೇ-ಇನ್’. ಅಪ್ಪಟ ಇಂಗ್ಲಿಷು. ಯಾರ ಸ್ಪ್ಯಾನಿಷೂ ಸಾಯಲಿಲ್ಲ. 2024ರ ಕೊನೆಯಲ್ಲಿ ಎಂಟನೇ ಸ್ಥಾನದಲ್ಲಿದ್ದ ಅಮೇರಿಕಾ ಅದೇ ಪ್ಲೇ-ಇನ್ ಬಾಗಿಲಿಂದ ಒಳಗೆ ನುಗ್ಗಿ, 42 ಪಾಯಿಂಟ್ ಗಳಿಸಿ ಪಟ್ಟಿಯ ತುದಿಯಲ್ಲಿದ್ದ ಕ್ರೂಸ್ ಅಸೂಲನ್ನು ಸೆಮಿಫೈನಲಿನಲ್ಲಿ ಹೊರಹಾಕಿ, ಮಾಂಟೆರ್ರೇಯನ್ನು ಸೋಲಿಸಿ ಸತತ ಮೂರನೇ ಸಲ ಚಾಂಪಿಯನ್ ಆಯ್ತು. ಸು. ಅವರ ಅಜ್ಜ ‘ಬೇರೆಯದೇ ಟೂರ್ನಿ’ ಅನ್ನುವುದು ಇದಕ್ಕೆ.

ಗ. | 6.41

ಆ ತಂಡದ ಹೆಸರಲ್ಲೊಂದು ಕ್ರಿಯಾಪದವೇ ಇದೆ ಗೊತ್ತಾ? ‘ಕ್ರೂಸಸುಲೆಯಾರ್’. ಕೈಗೆ ಬಂದದ್ದನ್ನ ಬಾಯಿಗೆ ಬರದ ಹಾಗೆ ಮಾಡ್ಕೊಳ್ಳೋದು. ನಮ್ಮ ‘ಇಸು’ ಹಚ್ಚಿದ್ರೆ ‘ಕ್ರೂಸಸೂಲಿಸು’. ಪ್ರೀತಿಸು, ಪ್ರೇಮಿಸು, ಕ್ರೂಸಸೂಲಿಸು.

ಅಚ್ಚಗನ್ನಡಿಗ | 6.44

ಎರವಲು ಪಡೆದವರ ಸಾಲ ತೋರಿಸಿ ನಮ್ಮ ಸಾಲವನ್ನು ಮನ್ನಾ ಮಾಡುತ್ತೀರಾ? ‘ಮನ್ನಾ’ ಕೂಡ ಎರವಲು ಎಂದು ಬರೆಯಬೇಡಿ, ಗೊತ್ತು.

ಸು. | 7.20

ಚರ್ಚೆ ಚೆನ್ನಾಗಿದೆ, ನನ್ನ ಹತ್ತು ಗಂಟೆ ಹತ್ತಿರ ಬರ್ತಿದೆ. ಈಗ ‘ಲಿಗೀಯಾ’ ಅಂತಲೇ ಬಿಡೋಣ ಅನ್ನಿಸ್ತಿದೆ. ಆದ್ರೆ ನೋಡುವವರು ಹಾವೇರಿಯಲ್ಲೋ ಹಾಸನದಲ್ಲೋ ಕೂತಿರ್ತಾರೆ, ಮೊದಲನೇ ಸಲ ಕೇಳಿದಾಗ ಅದೇನು ಅಂತ ಗೊತ್ತಾಗಬೇಕಲ್ಲ.

ವೆ. | 7.29

ಸು. ಅಮ್ಮಾ, ಇಷ್ಟು ಹೊತ್ತೂ ನಕ್ಕಿದ್ದಕ್ಕೆ ದಂಡ ಕಟ್ತೀನಿ. ನಾವು ಡೆಸ್ಕಿನವರು ಎಷ್ಟೋ ವರ್ಷದಿಂದ ಕ್ವಾರ್ಟರ್‌ಫೈನಲ್‌ಗೆ ‘ಎಂಟರ ಘಟ್ಟ’, ಸೆಮಿಫೈನಲ್‌ಗೆ ‘ನಾಲ್ಕರ ಘಟ್ಟ’ ಅಂತ ಬರೀತಿದ್ದೀವಿ. ಯಾವ ಸಮಿತಿಯೂ ಕೊಟ್ಟಿದ್ದಲ್ಲ, ತಲೆಬರಹದಲ್ಲಿ ಜಾಗ ಸಾಲದೆ ಬಂದಿದ್ದು. ನಿಮ್ಮ 22 ಅಕ್ಷರದ ಕಷ್ಟ ನಮಗೆ ದಿನಾ ರಾತ್ರಿ. ಎಂಟರ ಘಟ್ಟ ಅಂದ್ರೆ ಒಂದೇ ಸುತ್ತು, ಸರಿ. ಆದ್ರೆ ಬರೀ ‘ಘಟ್ಟ’ ಅಂದ್ರೆ?

ಮ. | 7.36

ಘಟ್ಟ! ನಮಗೆ ಘಟ್ಟ ಅಂದ್ರೆ ಹತ್ತುವುದು. ಶಿರಾಡಿ, ಚಾರ್ಮಾಡಿ. ಕೆಳಗಿನ ರಸ್ತೆಯಲ್ಲಿ ಎಷ್ಟೇ ಜೋರಾಗಿ ಓಡಿಸಿದವನಿಗೂ ಅಲ್ಲಿ ಗಾಡಿ ಬಿಸಿಯಾದ್ರೆ ಬದಿಗೆ ನಿಲ್ಲಿಸಿ ನೀರು ಹೊಯ್ಯಬೇಕು. ಕ್ರೂಸ್ ಅಸೂಲಿನ ಕತೆ ಅದೇ ಅಲ್ವಾ. 1997ರಲ್ಲಿ ಗೆದ್ದವರು ಮತ್ತೆ ಲೀಗ್ ಗೆಲ್ಲಲಿಕ್ಕೆ 2021ರ ಮೇವರೆಗೆ ಕಾದ್ರು. ಸಪಾಟು ರಸ್ತೆಯಲ್ಲಿ ಚೆನ್ನಾಗೇ ಓಡಿಸ್ತಿದ್ರು.

ಸು. | 8.05

ಸಿಕ್ತು. ಹೀಗೆ ಬರೆದೆ:

‘ಎಂಟರ ಘಟ್ಟ ಹತ್ತಿದ ಮೇಲೆ ಆಟವೇ ಬೇರೆ’

ಖಾಲಿ ಜಾಗ ಸೇರಿ 20. ಮೊದಲ ಸಲ ಮಾತ್ರ ‘ಎಂಟರ ಘಟ್ಟ’, ಆಮೇಲಿನ ಹನ್ನೆರಡು ಕಡೆ ಸುಮ್ಮನೆ ‘ಘಟ್ಟ’. ಚಾಕು ಕೆಳಗಿಡುವ ದೃಶ್ಯದಲ್ಲಿ ಮಾತ್ರ ಕನ್ನಡ ಏನೂ ಹಾಕಿಲ್ಲ. ಅವನು ‘ಲಿಗೀಯಾ’ ಅನ್ನೋದು ಕೇಳುತ್ತೆ, ಅಷ್ಟೊತ್ತಿಗೆ ಅರ್ಥ ಆಗಿರುತ್ತೆ.

ಪ.ನಾ. | 8.17

ಸಾಲು ಚೆನ್ನಾಗಿದೆ, ಸಂತೋಷ. ಆದರೆ ಒಂದು ಮಾತು ದಾಖಲೆಗೆ. ಘಟ್ಟವನ್ನು ಸಂಸ್ಕೃತ ಎನ್ನುವವರಿದ್ದಾರೆ. ಅದು ಮೂಲತಃ ನಮ್ಮ ‘ಗಟ್ಟ’, ‘ಕಟ್ಟು’ ಧಾತುವಿನಿಂದ ಬಂದದ್ದು, ಕಟ್ಟೆಯಂತೆ. ಲಿಗಾರೆಯೂ ಕಟ್ಟು ಎಂದೇ ನಾನು ಆರಂಭದಲ್ಲೇ ಹೇಳಿದ್ದೆ. ಸುತ್ತಿ ಬಳಸಿ ನೀವು ನನ್ನ ನಿಷ್ಪತ್ತಿಗೇ ಬಂದು ನಿಂತಿದ್ದೀರಿ.

ಅಚ್ಚಗನ್ನಡಿಗ | 8.20

ಹಾಗಿದ್ದರೆ ‘ಗಟ್ಟ’ ಎಂದೇ ಬರೆಯಿರಿ. ಉಸಿರು ದಂಡ.

ವೆ. | 8.24

ಕಾಶಿಯ ಘಾಟೂ ನಮ್ಮ ಕಟ್ಟೆಯೇ ಮೇಷ್ಟ್ರೇ? ಮಣಿಕರ್ಣಿಕಾ ಕಟ್ಟೆ?

ಪ.ನಾ. | 8.26

ಕೇಳುವ ಮನಸ್ಸಿದ್ದರೆ ಹೇಳಬಹುದು. ಇಲ್ಲದಿದ್ದರೆ ಬೇಡ.

ಸು. | 10.40

ಕಳಿಸಿಯಾಯ್ತು. ‘ಘ’ ಜೊತೆಗೇ. ಅಚ್ಚಗನ್ನಡಿಗರು ಕ್ಷಮಿಸಬೇಕು, ತಿದ್ದುವವರ ಮಷೀನು ‘ಗಟ್ಟ’ದ ಕೆಳಗೆ ಕೆಂಪು ಗೆರೆ ಎಳೀತು.

ಈಗಷ್ಟೇ ಎರಡನೇ ಕಂತು ಬಂತು. ಅಜ್ಜನ ಮೊಮ್ಮಗಳು ಮಾತಾಡ್ತಾಳೆ. ಶುರುವಿನಲ್ಲೇ ಮ. ಅವರು ಹೇಳಿದ ಆ ‘ರೆಪೆಚಾಹೆ’. ನಾಳೆ ಮಧ್ಯಾಹ್ನಕ್ಕೆ ಬೇಕು.

ಗ. | 10.52

ಅದು ಫ್ರೆಂಚಿನಿಂದ ಬಂದದ್ದು, ನೀರಿಗೆ ಬಿದ್ದ ಮೀನನ್ನ ಮತ್ತೆ ಹಿಡಿದು ಮೇಲೆತ್ತೋದು. ‘ಮರುಗಾಳ’ ಅಂದ್ರೆ ಹೇಗೆ?

ಅಚ್ಚಗನ್ನಡಿಗ | 10.53

ಗಾಳ ಕನ್ನಡದ್ದೇ. ಒಪ್ಪಿದೆ.

ಪ.ನಾ. | 10.55

ಮರು + ಗಾಳ ಸರಿ. ಆದರೆ ಗಾಳ ಹಾಕುವುದು ಹಿಡಿಯಲಿಕ್ಕೆ, ಉಳಿಸಲಿಕ್ಕಲ್ಲ. ಮೀನನ್ನು ಕೇಳಿ ನೋಡಿ.

ವೆ. | 10.56

ಹೊಸ ಎಳೆ ತೆರೀರಿ. ಇದರ ತಲೆಬರಹ ಆಗಲೇ ಸುಳ್ಳಾಗಿದೆ.