ಬ್ಯಾರೆಲ್‌ಗೆ ಪೋರ್ಟ್ ಕೊರೆಸಿದರೆ ಒದೆತ ಎಷ್ಟು ತಗ್ಗುತ್ತೆ?

ಪ್ರಶ್ನೆ: .300 ವಿಂಚೆಸ್ಟರ್ ಮ್ಯಾಗ್ನಮ್ ರೈಫಲ್, ಬೋಲ್ಟ್ ಆಕ್ಷನ್, ಸ್ಕೋಪ್ ಸೇರಿ 3.8 ಕೆಜಿ. ಭುಜಕ್ಕೆ ಜೋರಾಗಿ ಒದೆಯುತ್ತೆ, ಮೂತಿಯೂ ಎಗರುತ್ತೆ. ಬ್ಯಾರೆಲ್ ತುದಿಯ ಹತ್ತಿರ ಪೋರ್ಟ್ (ಅನಿಲ ಹೊರಬಿಡುವ ರಂಧ್ರ) ಹಾಕಿಸಿದರೆ ಸರಿಹೋಗುತ್ತಾ ಸರ್? ಗುರಿ ಕೆಡುತ್ತಾ?

ಉತ್ತರ: ಎಗರುವುದು ಚೆನ್ನಾಗಿ ತಗ್ಗುತ್ತೆ, ಒದೆತ ಅಷ್ಟಾಗಿ ತಗ್ಗಲ್ಲ. ಲೆಕ್ಕ ಹಾಕಿ ನೋಡಿ. 11.7 ಗ್ರಾಂ ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ (ತೂಕ ಗುಣಿಸು ವೇಗ) ಸುಮಾರು 10.5 ಕೆಜಿ-ಮೀ/ಸೆ. ಹಿಂದೆಯೇ ನುಗ್ಗುವ 4.5 ಗ್ರಾಂ ಮದ್ದಿನ ಅನಿಲದ ವೇಗ ಸುಮಾರು 1,400 ಮೀಟರ್, ಅದರದ್ದು 6.3. ಇವೆರಡೂ ಸೇರಿಯೇ ಒದೆತ. ಗುಂಡಿನ ಪಾಲನ್ನು ಯಾವ ರಂಧ್ರವೂ ಮುಟ್ಟಲಾರದು. ಅನಿಲದ ಪಾಲಿನಲ್ಲಿ ಒಂದಿಷ್ಟನ್ನು ಪೋರ್ಟ್ ಮೇಲಕ್ಕೆ ಬಿಡುತ್ತೆ. ಅದು ಮೂತಿಯನ್ನು ಕೆಳಕ್ಕೆ ಒತ್ತುತ್ತೆಯೇ ಹೊರತು ರೈಫಲನ್ನು ಮುಂದಕ್ಕೆ ಎಳೆಯಲ್ಲ. ಭುಜದ ಚಿಂತೆಯಾದರೆ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವ ಮಜಲ್ ಬ್ರೇಕ್ ಹಾಕಿಸಿ.

ಗುರಿ ಕೆಡುವುದು ಕೊರೆದ ರೀತಿಯಿಂದ. ಡ್ರಿಲ್ ಬಿಟ್ ಒಳಗೆ ಬರ್ (ಲೋಹದ ಚೂಪು ಅಂಚು) ಬಿಡುತ್ತೆ, ಅದು ಗುಂಡಿನ ತಾಮ್ರವನ್ನು ಹೆರೆದು ಅಲ್ಲೇ ಅಂಟಿಸಿಕೊಳ್ಳುತ್ತೆ. ಬಟ್ಟೆಯ ಪ್ಯಾಚನ್ನು ನಿಧಾನವಾಗಿ ಎಳೆಯಿರಿ, ಪೋರ್ಟ್ ಹತ್ತಿರ ನೂಲು ಸಿಕ್ಕಿಕೊಂಡರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಇಡಿಎಂ ಯಂತ್ರದಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕರಗಿ ಹೋಗುವುದರಿಂದ ಈ ತೊಂದರೆ ಇಲ್ಲ. ಎಡಬಲದ ಪೋರ್ಟ್ ಅಳತೆಯಲ್ಲೂ ಕೋನದಲ್ಲೂ ಸಮ ಇರಲಿ, ತುದಿಯ ಕ್ರೌನ್‌ಗೆ (ಗುಂಡು ಹೊರಬೀಳುವ ಬಾಯಿಯ ಅಂಚಿಗೆ) ಏನೂ ತಾಗದಿರಲಿ.

ಎಲ್ಲ ಸರಿ ಇದ್ದರೂ ಬ್ಯಾರೆಲ್ ಕಂಪಿಸುವ ರೀತಿ ಬದಲಾಗುತ್ತೆ, ಹಾಗಾಗಿ ಗುಂಡು ಬೀಳುವ ಜಾಗವೂ ಸರಿಯುತ್ತೆ. ಸ್ಕೋಪನ್ನು ಮತ್ತೆ ಝೀರೋ ಮಾಡಲೇಬೇಕು, ಅಂದರೆ ಗುಂಡು ಬೀಳುವ ಜಾಗಕ್ಕೆ ಹೊಂದಿಸಬೇಕು. ಕೊರೆಸುವ ಮುಂಚೆ 100 ಗಜದಲ್ಲಿ ಐದೈದು ಗುಂಡಿನ ಮೂರು ಗ್ರೂಪ್ ಹೊಡೆದು ಕಾಗದ ಎತ್ತಿಡಿ. ಆಮೇಲೆ ಅದೇ ಲಾಟ್‌ನ ತೋಟಾದಲ್ಲಿ ಮತ್ತೆ ಮೂರು. ಜಾಗ ಸರಿದಿದ್ದರೆ ಹೆದರಬೇಡಿ, ಗ್ರೂಪ್ ಅಗಲವಾಗಿದ್ದರೆ ಮೊದಲು ಬರ್ ಹುಡುಕಿ.

ಪ್ರಶ್ನೆ: ಸದ್ದು?

ಉತ್ತರ: ಹೊಡೆಯುವವರ ಕಿವಿಗೆ ಜಾಸ್ತಿ ಬೀಳುತ್ತೆ. ಇಯರ್ ಪ್ಲಗ್ ಹಾಕಿ, ಅದರ ಮೇಲೆ ಮಫ್. ಒಂದೇ ಸಾಲದು.

ಪ್ರಶ್ನೆ: ನಮ್ಮದು ಇಶಾಪುರ ಕಾರ್ಖಾನೆಯ .315 ರೈಫಲ್, ಕೊಡಗಿನಲ್ಲಿ. ಇದಕ್ಕೂ ಹಾಕಿಸಬಹುದಾ ಅಣ್ಣ?

ಉತ್ತರ: ಬೇಡ. ಮ್ಯಾಗ್ನಮ್‌ನಷ್ಟು ಮದ್ದು ಇದರಲ್ಲಿಲ್ಲ, ಮೂತಿಗೆ ಬರುವಷ್ಟರಲ್ಲಿ ಅನಿಲದ ಒತ್ತಡವೂ ಕಡಿಮೆ. ಖರ್ಚಿಗೆ ತಕ್ಕ ಫಲ ಸಿಗಲ್ಲ. 25 ಮಿ.ಮೀ. ರಬ್ಬರ್ ಪ್ಯಾಡ್ ಸಾಕು. ಆದರೆ ಹಿಡಿಯ ಮರವನ್ನು ಅಷ್ಟೇ ಕತ್ತರಿಸಿ ಕೂರಿಸಲಿ, ಇಲ್ಲದಿದ್ದರೆ ಹಿಡಿ ಉದ್ದವಾಗಿ ಕೆನ್ನೆ ಸರಿಯಾಗಿ ಕೂರಲ್ಲ. ಯಾವ ಕೆಲಸವಾದರೂ ಪರವಾನಗಿ ಇರುವ ಕೋವಿ ರಿಪೇರಿಯವರ ಹತ್ತಿರವೇ ಮಾಡಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿ ಕಸುಬಿಗೂ ಪರವಾನಗಿ ಬೇಕು.