ಶಿಕಾಗೋ ನಮ್ಮ ತೆರಿಗೆ ನುಂಗುತ್ತಿದೆಯಾ? – ಬಜೆಟ್ ಕೆಲಸ ಮಾಡಿದವರನ್ನು ಕೇಳಿ

ಪ್ರಶ್ನೆ: ಸರ್, ನಾನಿರುವುದು ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ತುದಿಯ ಒಂದು ಸಣ್ಣ ಊರಲ್ಲಿ. ಆಫೀಸಿನಲ್ಲಿ ಊಟಕ್ಕೆ ಕೂತರೆ ಸಾಕು, "ತೆರಿಗೆ ಕಟ್ಟೋದು ನಾವು, ನುಂಗೋದು ಶಿಕಾಗೋ" ಎಂಬ ಮಾತು ಶುರು. 2024ರ ನವೆಂಬರ್‌ನಲ್ಲಿ ಏಳು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಜನ, ಶಿಕಾಗೋ ಇರುವ ಕುಕ್ ಕೌಂಟಿಯನ್ನು ಬಿಟ್ಟು ಬೇರೆ ರಾಜ್ಯ ಮಾಡಿಕೊಳ್ಳುವ ವಿಚಾರಕ್ಕೆ ಹೂಂ ಎಂದು ವೋಟು ಹಾಕಿದರು. ನೀವು ಸರ್ಕಾರಿ ಬಜೆಟ್ ಕೆಲಸದಲ್ಲೇ ಇದ್ದವರು. ಇವರು ಹೇಳುವುದು ನಿಜವಾ?

ಉತ್ತರ: ಬರೀ ದುಡ್ಡಿನ ಲೆಕ್ಕ ಕೇಳಿದರೆ ಉಲ್ಟಾ. 2018ರಲ್ಲಿ ಸದರ್ನ್ ಇಲಿನಾಯ್ ಯೂನಿವರ್ಸಿಟಿಯವರೇ (ಶಿಕಾಗೋದವರಲ್ಲ, ನಿಮ್ಮ ಕಡೆಯವರು!) ಲೆಕ್ಕ ಹಾಕಿ ತೋರಿಸಿದರು. ದಕ್ಷಿಣದ ಕೌಂಟಿಗಳು ರಾಜ್ಯಕ್ಕೆ 1 ಡಾಲರ್ ಕೊಟ್ಟರೆ 2.81 ಡಾಲರ್ ವಾಪಸ್ ಬರುತ್ತದೆ. ಕುಕ್ ಕೌಂಟಿಗೆ 90 ಸೆಂಟ್. ನಿಜವಾಗಿ ಕೈಯಿಂದ ಹಾಕುವವರು ಶಿಕಾಗೋ ಸುತ್ತಲಿನ ಉಪನಗರದವರು, ಅವರಿಗೆ ಸಿಗುವುದು 53 ಸೆಂಟ್.

ಸಂಬಳ ಜಾಸ್ತಿ ಇರುವ ಕಡೆ ಆದಾಯ ತೆರಿಗೆ ಜಾಸ್ತಿ ಹುಟ್ಟುತ್ತದೆ. ಖರ್ಚು ಹಾಗಲ್ಲ. ಬಡವರ ಆಸ್ಪತ್ರೆ ಬಿಲ್ಲು ಕಟ್ಟುವ ಮೆಡಿಕೇಡ್, ಶಾಲೆ, ಯೂನಿವರ್ಸಿಟಿ ಎಲ್ಲ ಕಡೆ ಬೇಕು. ರಸ್ತೆಯಂತೂ, ಊರಲ್ಲಿ ಜನ ಕಡಿಮೆಯಾದರು ಎಂದು ಮೈಲಿ ಕಡಿಮೆಯಾಗುವುದಿಲ್ಲವಲ್ಲ.

ಪ್ರಶ್ನೆ: ಈ ಲೆಕ್ಕ ತೋರಿಸಿದೆ ಸರ್. ಒಬ್ಬರು ನಕ್ಕುಬಿಟ್ಟರು. "ಅಷ್ಟು ದುಡ್ಡು ಬಂದಿದ್ದರೆ ನಮ್ಮೂರ ಅಂಗಡಿಗಳು ಯಾಕೆ ಮುಚ್ಚಿವೆ?" ಎಂದರು.

ಉತ್ತರ: ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಆ ದುಡ್ಡು ಅವರ ಜೇಬಿಗೆ ಬರುವುದಿಲ್ಲ, ಆಸ್ಪತ್ರೆಯ ಖಾತೆಗೆ ಹೋಗುತ್ತದೆ, ಮೇಷ್ಟ್ರ ಸಂಬಳಕ್ಕೆ ಹೋಗುತ್ತದೆ. ನಿಮ್ಮ ಕಡೆ ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳೇ ಅನ್ನ ಹಾಕುತ್ತಿದ್ದವು. ಇಲಿನಾಯ್ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. 1990ರಲ್ಲಿ ವಾಯುಮಾಲಿನ್ಯ ಕಾನೂನು ಬಿಗಿಯಾಯಿತು. ವಿದ್ಯುತ್ ಕಂಪನಿಗಳು ಗಂಧಕ ಕಡಿಮೆ ಇರುವ ವಯೋಮಿಂಗ್ ಕಲ್ಲಿದ್ದಲಿನ ಕಡೆ ತಿರುಗಿದವು. ಗಣಿ ಸಂಬಳ ಹೋದಾಗಲೇ ಅಂಗಡಿಗಳ ವ್ಯಾಪಾರವೂ ಹೋಯಿತು.

ಲೆಕ್ಕದಲ್ಲೂ ಒಂದು ಕೊಕ್ಕೆ ಇದೆ. ನಿಮ್ಮ ದಕ್ಷಿಣದ ಚೆಸ್ಟರ್ ಊರಿನಲ್ಲಿರುವ ಮೆನಾರ್ಡ್ ಜೈಲನ್ನೇ ತೆಗೆದುಕೊಳ್ಳಿ. ಕಾವಲುಗಾರರು ಆ ಕಡೆಯವರು, ಕೈದಿಗಳಲ್ಲಿ ಎಷ್ಟೋ ಜನ ಕುಕ್ ಕೌಂಟಿಯವರು. ಈ ಖರ್ಚನ್ನು ಯಾರ ಹೆಸರಿಗೆ ಬರೆಯುತ್ತೀರಿ?

ಇನ್ನೊಂದು ಮಾತು. ಒಮ್ಮೆ ಒಂದು ಸಣ್ಣ ಕೌಂಟಿಯ ಬಜೆಟ್ ಸಭೆಗೆ ಹೋಗಿದ್ದೆ. ವಯಸ್ಸಾದ ರೈತರೊಬ್ಬರು ಎದ್ದು ಬಂದು ತಮ್ಮ ಆಸ್ತಿ ತೆರಿಗೆ ಬಿಲ್ಲನ್ನು ಮೇಜಿನ ಮೇಲೆ ಹರಡಿದರು. ನಾಲ್ಕು ಮಡಿಕೆ, ಅಂಚಿನ ತುಂಬಾ ಪೆನ್ಸಿಲ್ ಲೆಕ್ಕ. "ಇದೆಲ್ಲ ಶಿಕಾಗೋಗೆ ತಾನೇ?" ಎಂದರು. ಅದರಲ್ಲಿ ಒಂದು ಸೆಂಟೂ ಶಿಕಾಗೋಗೆ ಹೋಗುವುದಿಲ್ಲ. ಇಲಿನಾಯ್‌ನಲ್ಲಿ ಆಸ್ತಿ ತೆರಿಗೆ ಪೂರ್ತಿ ಸ್ಥಳೀಯ, ದೊಡ್ಡ ಪಾಲು ಅಲ್ಲಿಯ ಶಾಲೆಗೇ. ಆದರೆ ಆದಾಯ ತೆರಿಗೆ ಸಂಬಳದಲ್ಲೇ ಕಡಿತವಾಗುತ್ತದೆ, ಮಾರಾಟ ತೆರಿಗೆ ರಸೀದಿಯಲ್ಲಿ ಸೇರಿಹೋಗುತ್ತದೆ. ಕಣ್ಣಿಗೆ ಚುಚ್ಚುವುದು ಇದೊಂದೇ ಕಾಗದ. ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ.

ಇನ್ನೊಬ್ಬರು: ಹಾಗಾದರೆ ಇದೆಲ್ಲ ಬರೀ ತಪ್ಪು ತಿಳಿವಳಿಕೆ ಅಲ್ವಾ ಸರ್?

ಉತ್ತರ: ಅಲ್ಲ ಮೇಡಂ. ನನ್ನ ಪ್ರಕಾರ ಜಗಳ ಇರುವುದು ತೀರ್ಮಾನ ಯಾರದು ಎಂಬುದರಲ್ಲಿ, ದುಡ್ಡು ನೆಪ. ರಾಜ್ಯದ ಸುಮಾರು 40% ಜನ ಕುಕ್ ಕೌಂಟಿಯೊಂದರಲ್ಲೇ ಇದ್ದಾರೆ. 2025ರಿಂದ ರಾಜ್ಯಕ್ಕೆಲ್ಲ ಗಂಟೆಗೆ ಕನಿಷ್ಠ 15 ಡಾಲರ್ ಕೂಲಿ. ಬಾಡಿಗೆ ದುಬಾರಿಯಾದ ನಗರಕ್ಕೆ ಅದು ಕಡಿಮೆಯೇ. ಹಳ್ಳಿಯ ಸಣ್ಣ ಹೋಟೆಲಿನವರಿಗೆ ಹೊರೆ.

ಹಿಂದೆ ಇದು ತಿರುಗುಮುರುಗಾಗಿತ್ತು. 1964ರ ಮೊದಲು ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟ್‌ನಲ್ಲಿ (ಶಾಸನಸಭೆಯ ಮೇಲ್ಮನೆ) 60 ಲಕ್ಷ ಜನರ ಲಾಸ್ ಏಂಜಲೀಸ್ ಕೌಂಟಿಗೆ ಒಂದು ಸೀಟು, ಸುಮಾರು 14,000 ಜನರ ಗುಡ್ಡಗಾಡು ಕ್ಷೇತ್ರಕ್ಕೂ ಒಂದೇ ಸೀಟು. ಆ ವರ್ಷ ಸುಪ್ರೀಂ ಕೋರ್ಟ್, ಜನಸಂಖ್ಯೆಗೆ ತಕ್ಕಂತೆ ಸೀಟು ಇರಲಿ ಎಂದಿತು. ಸರಿಯಾದ ತೀರ್ಪೇ. ಆದರೆ ಹಳ್ಳಿಗಳ ಹಿಡಿತ ಅಲ್ಲಿಗೆ ಸಡಿಲವಾಯಿತು.

ಎಲ್ಲ ಕಡೆ ನಗರವೇ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ಮಿಸ್ಸೂರಿಯ ಸೇಂಟ್ ಲೂಯಿಸ್ ನಗರ 2017ರಲ್ಲಿ ಕನಿಷ್ಠ ಕೂಲಿಯನ್ನು 10 ಡಾಲರ್ ಮಾಡಿತ್ತು. ರಾಜ್ಯ ಹೊಸ ಕಾನೂನು ತಂದು ಅದನ್ನು 7.70ಕ್ಕೆ ಇಳಿಸಿತು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೂ 2016ರಲ್ಲಿ ಇದೇ ಗತಿ.

ಪ್ರಶ್ನೆ: ಬೇರೆ ರಾಜ್ಯ ಆಗುತ್ತಾ ಸರ್?

ಉತ್ತರ: ಆ ವೋಟು ಬರೀ ಅಭಿಪ್ರಾಯ, ಕಾನೂನಿನ ಬಲ ಇಲ್ಲ. ರಾಜ್ಯದ ಶಾಸನಸಭೆಯೂ ಒಪ್ಪಬೇಕು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೂ ಒಪ್ಪಬೇಕು. ಕೊನೆಯ ಸಲ ಹೀಗೆ ಒಡೆದು ಬಂದದ್ದು ವೆಸ್ಟ್ ವರ್ಜೀನಿಯಾ, 1863ರಲ್ಲಿ, ಅದೂ ಅಂತರ್ಯುದ್ಧದ ನಡುವೆ. ಆದರೂ ಊಟದ ಹೊತ್ತಿಗೆ ಒಂದು ಕೆಲಸ ಮಾಡಿ. ಎಲ್ಲರಿಗೂ ಆಸ್ತಿ ತೆರಿಗೆ ಬಿಲ್ಲು ತರಲು ಹೇಳಿ. ಜಗಳ ಆಡಬೇಡಿ, ಸಾಲು ಸಾಲಾಗಿ ಓದಿ ಸಾಕು.

ಪ್ರಶ್ನೆ: ತಂದಿದ್ದರು ಸರ್. ಶಾಲೆ, ಲೈಬ್ರರಿ, ಅಗ್ನಿಶಾಮಕ, ಸ್ಮಶಾನ, ಎಲ್ಲಕ್ಕೂ ಒಂದೊಂದು ಸಾಲು! ಈಗ ಬೈಗುಳ ಸ್ಕೂಲ್ ಬೋರ್ಡಿನ ಕಡೆ ತಿರುಗಿದೆ.